ಬೊಂಬೆ ಸಿಕ್ಕಿದವನು

ಟಪ್!

ಹಾಡು ಅರ್ಧಕ್ಕೇ ನಿಂತಿತು. ಹಾಸ್ಟೆಲಿನ ತಾರಸಿಯ ಮೇಲೆ ಕುಣಿಯುತ್ತಿದ್ದವರೆಲ್ಲ ಎತ್ತಿದ ಕೈ ಎತ್ತಿದ ಹಾಗೇ ನಿಂತುಬಿಟ್ಟರು.

ಗೋಡೆಯ ಪಕ್ಕ ಸ್ಪೀಕರಿನ ಪ್ಲಗ್ ಹಿಡಿದುಕೊಂಡು ಒಬ್ಬಳು ನಿಂತಿದ್ದಳು. ಕಾಲಲ್ಲಿ ಮನೆಯ ಚಪ್ಪಲಿ, ತಲೆಗೆ ಕಟ್ಟಿದ ಬಟ್ಟೆ, ನಿದ್ದೆಗೆಟ್ಟು ಕೆಂಪಾದ ಕಣ್ಣು. ಕೆಳಗಿನ ಬೇಕರಿಯ ಅಂಪಾರೊ.

"ಯಾರ್ರೀ ಇಲ್ಲಿಗೆ ದೊಡ್ಡವರು?"

ಬಾರಿನ ಹಿಂದಿನಿಂದ ಎತ್ತರದ ಆಸಾಮಿಯೊಬ್ಬ ಕೈಯೊರೆಸಿಕೊಳ್ಳುತ್ತ ಬಂದ. "ನಾನೇ ಅನ್ಕೊಳ್ಳಿ. ಫೆರ್ಮಿನ್ ಅಂತ. ವೆರಾಕ್ರೂಸಿಂದ ಬಂದು ಮೊನ್ನೆ ತಾನೆ ಸೇರ್ಕೊಂಡೆ. ಏನ್ ಕೊಡ್ಲಿ ಕುಡಿಯೋಕೆ?"

"ನಿದ್ದೆ ಕೊಡಿ! ಇದೆಯಾ ನಿಮ್ಮ ಬಾರಲ್ಲಿ?"

ಯಾರೋ ಕಿಸಕ್ಕನೆ ನಕ್ಕರು. ಅಂಪಾರೊ ಅತ್ತ ತಿರುಗಿಯೂ ನೋಡಲಿಲ್ಲ.

"ಕೋಳಿ ಕೂಗೋ ಮೊದ್ಲು ನಾನೆದ್ದು ಹಿಟ್ಟು ನಾದ್ಬೇಕು. ಓಣಿಗೆಲ್ಲ ಬೆಳಗ್ಗೆ ಬ್ರೆಡ್ ಬೇಕಲ್ಲ, ನಿಮ್ಮ ಈ ಮೂಟೆಯವರಿಗೂ ಸೇರಿ! ನಿಮ್ಮ ಡೋಲು ನೇರವಾಗಿ ನನ್ನ ಮಂಚದ ಮೇಲೇ ಬಡೀತಾ ಇದೆ ಕಣ್ರೀ!"

ಬೆನ್ನಿಗೆ ಚೀಲ ಹೊತ್ತು ದೇಶ ದೇಶ ಸುತ್ತುವವರನ್ನು ಆ ಓಣಿಯವರು ಮೂಟೆಯವರು ಎಂದೇ ಕರೆಯುತ್ತಿದ್ದರು. 'ಕುರುಡು ಹುಂಜ' ಹಾಸ್ಟೆಲ್ಲಿಗೆ ಅಂಥವರು ವಾರವಾರವೂ ಹೊಸಬರು ಬರುತ್ತಿದ್ದರು. ಬಂದವರು ಕುಣಿಯುತ್ತಿದ್ದರು, ಕುಡಿಯುತ್ತಿದ್ದರು, ಹೋಗುತ್ತಿದ್ದರು.

ಫೆರ್ಮಿನ್ ತುಟಿ ಕಚ್ಚಿಕೊಂಡ. ಆದರೂ ನಗು ತಡೆಯಲಾಗಲಿಲ್ಲ.

"ನಗ್ತೀರಾ?!"

"ಅಯ್ಯೋ, ನಿಮ್ಮ ಮಾತಿಗಲ್ಲ... ನಿಮ್ಮ ಕಿವಿ..."

ಅಂಪಾರೊ ಕಿವಿ ಮುಟ್ಟಿ ನೋಡಿಕೊಂಡಳು. ಗದ್ದಲ ಕೇಳಿಸದಿರಲಿ ಎಂದು ಸಂಜೆ ಎರಡೂ ಕಿವಿಗೆ ಬ್ರೆಡ್ಡಿನ ಹಿಟ್ಟು ತುರುಕಿಕೊಂಡಿದ್ದಳು! ಒಂದು ಉಂಡೆ ಎಲ್ಲೋ ಬಿದ್ದುಹೋಗಿತ್ತು. ಇನ್ನೊಂದು ಕಿವಿಯೋಲೆಯ ಹಾಗೆ ಜೋಲಾಡುತ್ತಿತ್ತು.

ಮುಖಕ್ಕೆ ರಕ್ತ ನುಗ್ಗಿತು. ಪ್ಲಗ್ಗನ್ನು ಅವನ ಅಂಗೈಗೆ ತುರುಕಿ, ತಿರುಗಿ ನೋಡದೆ ಮೆಟ್ಟಿಲಿಳಿದಳು. 'ಥೂ, ಇನ್ನು ಈ ಮನುಷ್ಯನ ಮುಖ ನೋಡಬಾರದು!'

ಆ ರಾತ್ರಿ ಹಾಡು ಮತ್ತೆ ಶುರುವಾಗಲಿಲ್ಲ. ವಿಚಿತ್ರವೆಂದರೆ, ಅಷ್ಟು ನಿಶ್ಶಬ್ದದಲ್ಲೂ ಅವಳಿಗೆ ನಿದ್ದೆ ಬರಲಿಲ್ಲ.

* * *

ಬೆಳಕು ಹರಿಯುವ ಹೊತ್ತಿಗೆ ಬೇಕರಿಯ ಹಿಂಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅವನೇ.

"ನಿನ್ನೆ ನಕ್ಕಿದ್ದು ತಪ್ಪಾಯ್ತು. ಅದನ್ನ ಹೇಳೋಕೆ ಬಂದೆ."

"ಹೇಳಿದ್ರಲ್ಲ. ಇನ್ನೇನು?"

"ಇನ್ನು... ಒಳಗಿಂದ ಬರ್ತಿರೋ ವಾಸನೆಗೆ ಕಾಲು ಕಿತ್ತಿಡೋಕೆ ಆಗ್ತಿಲ್ಲ."

ಒಳಗೆ ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ಅಪ್ಪ ದೋನ್ ಚೋನ್ ಗೊಳ್ಳೆಂದು ನಕ್ಕರು. ಸಂಧಿವಾತಕ್ಕೆ ಅವರ ಬೆರಳುಗಳು ಸೊಟ್ಟಗಾಗಿ ಹಿಟ್ಟು ನಾದುವ ಕೆಲಸ ಮಗಳ ಪಾಲಿಗೆ ಬಂದಿತ್ತು. ಆದರೆ ನಾಲಿಗೆಗೆ ಯಾವ ವಾತವೂ ಬಡಿದಿರಲಿಲ್ಲ. "ಒಳಗೆ ಬಾ ಮಗಾ. ಇವಳು ಬೈದಷ್ಟು ದಿನ ಬದುಕಿರ್ತೀಯ, ಹೆದರ್ಬೇಡ."

ಅವತ್ತಿನಿಂದ ಫೆರ್ಮಿನ್ ಒಂದು ಉಪಾಯ ಮಾಡಿದ. ರಾತ್ರಿಯ ಊಟದ ಹೊತ್ತು ಮುಗಿಯುತ್ತಲೇ ತಾರಸಿಗೆ ಬೀಗ ಹಾಕಿ, ಮೂಟೆಯವರನ್ನೆಲ್ಲ ಕರೆದುಕೊಂಡು ಹಾಡುತ್ತ ಬೀದಿ ಸುತ್ತುವ ಕರಿ ನಿಲುವಂಗಿಯ ಗಿಟಾರಿನವರ ಹಿಂದೆ ಗ್ವಾನಾಹ್ವಾತೊ ಊರಿನ ಓಣಿ ಓಣಿ ಸುತ್ತಿಸುತ್ತಿದ್ದ. ಕುಣಿತ, ಕುಡಿತ ಎಲ್ಲ ಮೇಲಿನ ಚೌಕದ ಬಾರುಗಳಲ್ಲಿ. ಗದ್ದಲ ಕಡಿಮೆಯಾಗಲಿಲ್ಲ, ಊರ ತುಂಬ ಹಂಚಿಹೋಯಿತು ಅಷ್ಟೆ.

ಕೊನೆಯ ತೂರಾಡುವವನನ್ನೂ ಹಾಸಿಗೆಗೆ ಸೇರಿಸಿದ ಮೇಲೆ ಅವನು ಹಿಂಬಾಗಿಲಿಗೆ ಬರುತ್ತಿದ್ದ. ಅವನ ದಿನ ಮುಗಿಯುವ ಹೊತ್ತು, ಅವಳ ದಿನ ಶುರುವಾಗುವ ಹೊತ್ತು. ಮಣ್ಣಿನ ಮಡಕೆಯಲ್ಲಿ ದಾಲ್ಚಿನ್ನಿ ಹಾಕಿ ಕುದಿಸಿದ ಕಾಫಿ, ಒಲೆಯಿಂದ ಆಗಷ್ಟೇ ತೆಗೆದ ಚಿಪ್ಪಿನಾಕಾರದ ಸಿಹಿ ಬನ್ನು, ಹಿಟ್ಟಿನ ಮೂಟೆಯ ಮೇಲೆ ಕೂತ ಫೆರ್ಮಿನ್. ಇದು ಬೇಕರಿಗೆ ರೂಢಿಯಾಯಿತು.

ಅಂಪಾರೊಗೂ ರೂಢಿಯಾಯಿತು. ಒಂದು ಬೆಳಗ್ಗೆ ಅವನು ಬರುವುದು ತಡವಾದಾಗ ಅವಳು ಬಾಗಿಲ ಕಡೆ ನೋಡುತ್ತ ಒಂದು ತಟ್ಟೆ ಬನ್ನನ್ನೇ ಕರಿ ಮಾಡಿಬಿಟ್ಟಳು.

"ಯಾರ ಯೋಚ್ನೆ ಮಗಳೇ?" ಅಪ್ಪನ ಪ್ರಶ್ನೆ.

"ಯಾರದ್ದೂ ಇಲ್ಲ! ಒಲೆ ಜಾಸ್ತಿ ಕಾದಿದೆ."

"ಹ್ಞೂಂ, ಕಾದಿದೆ. ಕಾಣಿಸ್ತಿದೆ."

ಡಿಸೆಂಬರಿನ ಚಳಿಯ ಒಂದು ಬೆಳಗ್ಗೆ ಫೆರ್ಮಿನ್ ಕೇಳಿಯೇಬಿಟ್ಟ. "ಹಾಸ್ಟೆಲ್ ಅಂದ್ರೆ ನಿಂಗ್ಯಾಕೆ ಅಷ್ಟು ಸಿಟ್ಟು? ಬರೀ ಸದ್ದಿಗಲ್ಲ ಅದು."

ಅವರ ನಡುವಿನ 'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ನೆನಪಿರಲಿಲ್ಲ.

ಅವಳು ನಾದುವುದನ್ನು ನಿಲ್ಲಿಸಲಿಲ್ಲ. "ನಿನಗಿಂತ ಮೊದ್ಲು ಆ ಬಾರಲ್ಲಿ ಒಬ್ಬ ಇದ್ದ. ಮದುವೆ ಆಗೋಣ ಅಂದಿದ್ದ. ಅಪ್ಪನ ಮುಂದೆ ಮಾತು ಕೊಟ್ಟಿದ್ದ. ಆಮೇಲೆ ಒಂದಿನ ಚೀಲ ಹೆಗಲಿಗೆ ಹಾಕ್ಕೊಂಡು, ಈಗ ಬಂದೆ ಅಂತ ಹೇಳಿ ಸಮುದ್ರದ ಕಡೆ ಹೋದ."

"ಮತ್ತೆ?"

"ಮತ್ತೇನು? ಇನ್ನೂ ಬರ್ತಾನೇ ಇದಾನೆ." ನಗಲು ಪ್ರಯತ್ನಿಸಿದಳು. ಆಗಲಿಲ್ಲ. "ಬಿಟ್ಟು ಹೋದ ಅನ್ನೋದಲ್ಲ ಫೆರ್ಮಿನ್... ಹೋಗೋರು ಹೋಗ್ತಾರೆ. ಆದ್ರೆ ಮಾತು ಯಾಕೆ ಕೊಡ್ಬೇಕು? ನಾನು ಎಷ್ಟು ದಿನ ಈ ಬಾಗಿಲಿಗೆ ಚಿಲಕಾನೇ ಹಾಕಿರ್ಲಿಲ್ಲ ಗೊತ್ತಾ?"

ಫೆರ್ಮಿನನ ಕೈಯಲ್ಲಿದ್ದ ಕಾಫಿ ತಣ್ಣಗಾಯಿತು. ಆ ಮಾತು ಅವನೊಳಗೆ ಎಷ್ಟು ಆಳಕ್ಕೆ ಇಳಿಯಿತೆಂದು ಅವಳಿಗೆ ತಿಳಿಯಲಿಲ್ಲ. ತಿಳಿದಿದ್ದರೆ ಮುಂದಿನದೆಲ್ಲ ಆಗುತ್ತಲೇ ಇರಲಿಲ್ಲ!

* * *

ಜನವರಿ ಆರು, ಬಾಲ ಯೇಸುವನ್ನು ನೋಡಲು ಬಂದ ಮೂವರು ರಾಜರ ಹಬ್ಬ.

ಹಬ್ಬದ ರೋಸ್ಕಾಗಳನ್ನು ಬೇಯಿಸಿ ಬೇಯಿಸಿ ಅಂಪಾರೊಳ ತೋಳು ಬಿದ್ದುಹೋಗಿತ್ತು. ಬಳೆಯ ಹಾಗೆ ದುಂಡಗಿನ ಸಿಹಿ ಬ್ರೆಡ್ಡು, ಮೇಲೆ ಬಣ್ಣ ಬಣ್ಣದ ಹಣ್ಣಿನ ಪಟ್ಟಿ, ಹೊಟ್ಟೆಯೊಳಗೆ ಬಾಲ ಯೇಸುವಿನ ಬೆರಳುದ್ದದ ಬಿಳಿ ಬೊಂಬೆ. ಬೊಂಬೆ ಯಾರ ತುಂಡಿನಲ್ಲಿ ಸಿಕ್ಕಿತೋ ಅವರು ಫೆಬ್ರವರಿ ಎರಡರ ಕಾಂದೆಲಾರಿಯಾ ಹಬ್ಬಕ್ಕೆ ಎಲ್ಲರಿಗೂ ತಮಾಲೆ ತಿನ್ನಿಸಬೇಕು. ಎಲೆಯೊಳಗೆ ಬೇಯಿಸುವ ಆ ಮೆಕ್ಕೆಜೋಳದ ಕಡುಬು ಮಾಡುವುದೆಂದರೆ ದಿನವಿಡೀ ಸೊಂಟ ಮುರಿಯುವ ಕೆಲಸ. ಅದಕ್ಕೇ ಬೊಂಬೆಯನ್ನು ಕೆನ್ನೆಯೊಳಗೆ ಒತ್ತಿಟ್ಟುಕೊಂಡು ಏನೂ ಅರಿಯದವರ ಹಾಗೆ ಮಿಕಿಮಿಕಿ ನೋಡುವವರಿಗೆ ಆ ಊರಲ್ಲಿ ಬರವಿಲ್ಲ.

ಬೇರೆ ಬೇಕರಿಯವರು ದೊಡ್ಡ ರೋಸ್ಕಾಗೆ ನಾಲ್ಕೈದು ಬೊಂಬೆ ಇಡುತ್ತಾರೆ. ದೋನ್ ಚೋನರ ಬೇಕರಿಯಲ್ಲಿ ಮಾತ್ರ ಒಂದೇ. "ಹೊಣೆ ಹಂಚಿದ್ರೆ ಯಾರೂ ಹೊರಲ್ಲ" ಎನ್ನುವುದು ಅವರ ವಾದ.

ಮಧ್ಯಾಹ್ನ ಹಾಸ್ಟೆಲಿನ ಅಂಗಳದಲ್ಲಿ ಉದ್ದನೆಯ ಮೇಜು ಹಾಕಿದ್ದರು. ಒಡತಿ ದೋನ್ಯಾ ಕಸಿಲ್ದಾ ಮೇಜಿನ ತಲೆಗೆ ಕೂತು ಚಾಕು ಬೀಸಿದಳು.

"ಮೂಟೆಯವರೇ, ಕೇಳಿಸ್ಕೊಳ್ಳಿ! ಬೊಂಬೆ ಸಿಕ್ಕವರು ಕಾಂದೆಲಾರಿಯಾ ಮುಗಿಯೋವರ್ಗೂ ಊರು ಬಿಡೋ ಹಾಗಿಲ್ಲ. ಪಾಸ್‌ಪೋರ್ಟು ನನ್ನ ಹತ್ರ ಇಟ್ಟಿರ್ಬೇಕು!"

"ನುಂಗಿಬಿಟ್ರೆ?" ಡಚ್ ಹುಡುಗನೊಬ್ಬ ಕೇಳಿದ.

"ನುಂಗಿದ್ರೆ ನಾಳೆ ಗೊತ್ತಾಗತ್ತೆ ಬಿಡಪ್ಪ!"

ಅಂಗಳವೆಲ್ಲ ನಗು. ಅಂಪಾರೊ ಬಿಸಿ ಚಾಕೊಲೇಟಿನ ಹೂಜಿ ಹಿಡಿದು ಎಲ್ಲರಿಗೂ ಸುರಿಯುತ್ತಿದ್ದಳು. ಅವಳ ಪಾಲಿನ ತುಂಡನ್ನು ಅಪ್ಪನೇ ಕತ್ತರಿಸಿ, ತಟ್ಟೆಗೆ ಹಾಕಿ, ಫೆರ್ಮಿನನ ತಟ್ಟೆಯ ಪಕ್ಕ ಇಟ್ಟರು.

ಅವಳು ಬಂದು ಕೂತು ತನ್ನ ತುಂಡು ತಿಂದಳು. ಏನೂ ಸಿಗಲಿಲ್ಲ. ಸದ್ಯ!

ಪಕ್ಕಕ್ಕೆ ನೋಡಿದಳು. ಅಗಿಯುತ್ತಿದ್ದ ಫೆರ್ಮಿನನ ದವಡೆ ಥಟ್ಟನೆ ನಿಂತಿತು. ಕೆಮ್ಮಿದವನಂತೆ ಮುಷ್ಟಿಯನ್ನು ಬಾಯಿಗೆ ಒಯ್ದ. ಆ ಮುಷ್ಟಿ ಹಾಗೇ ಮೆಲ್ಲಗೆ ಜೇಬಿನೊಳಗೆ ಹೋಯಿತು. ಬೆರಳ ಸಂದಿಯಲ್ಲಿ ಬಿಳಿ ಬಣ್ಣ ಕಂಡದ್ದು ಅವಳೊಬ್ಬಳಿಗೇ.

'ಸಿಕ್ಕಿಬಿದ್ದ!' ಅಂಪಾರೊಗೆ ನಗು ಉಕ್ಕಿತು. 'ಈಗ ಎದ್ದು ನಿಂತು ಹೇಳ್ತಾನೆ...'

ಅವನು ಹೇಳಲಿಲ್ಲ.

ರೋಸ್ಕಾ ಮುಗಿಯಿತು. "ಎಲ್ಲಿ ಬೊಂಬೆ? ಯಾರ ಹತ್ರ ಇದೆ?" ಎಂದು ಕೂಗಾಟ ಎದ್ದಿತು. ಕಸಿಲ್ದಾ ಒಬ್ಬೊಬ್ಬರ ಬಾಯಿ ತೆರೆಸಿ ನೋಡಿದಳು. ಫೆರ್ಮಿನ್ ಬಾಯಿ ತೆರೆದು ತೋರಿಸಿದ. "ನನ್ನ ಬಾಯಲ್ಲಿಲ್ಲ" ಎಂದ. ಅವನ ಮುಖ ಪೆಚ್ಚಾಗಿತ್ತು.

ಹೋಗಲಿ, ಚೇಷ್ಟೆ ಇರಬೇಕೆಂದು ಅಂಪಾರೊ ಸುಮ್ಮನಾದಳು. ತಟ್ಟೆಗಳನ್ನು ಒಳಗಿಡಲು ಹೋದಾಗ ಕಸಿಲ್ದಾ ಅವಳ ತೋಳು ಹಿಡಿದು ಖುಷಿಯಿಂದ ಹೇಳಿದಳು. "ನಿಂಗೆ ಹೇಳಿದ್ನಾ ಅವನು? ಸಮುದ್ರದ ಹತ್ರ ನನ್ನ ಹೊಸ ಹಾಸ್ಟೆಲ್ ತೆರೀತಿದೀನಲ್ಲ, ಪ್ಲಾಯಾ ಅನ್ನೋ ಊರಲ್ಲಿ. ಅದಕ್ಕೆ ಫೆರ್ಮಿನ್ನೇ ಮ್ಯಾನೇಜರ್! ತಿಂಗಳ ಕೊನೆಗೆ ಹೊರಡ್ಬೇಕು ಅಂತ ಬೆಳಗ್ಗೆ ತಾನೆ ಹೇಳ್ದೆ."

ಅಂಪಾರೊ ತಟ್ಟೆಗಳನ್ನು ಸಿಕ್ಕ ಕಡೆ ಇಟ್ಟುಬಿಟ್ಟಳು.

ತಿಂಗಳ ಕೊನೆಗೆ... ಅಂದರೆ ಕಾಂದೆಲಾರಿಯಾಕ್ಕೆ ಮೊದಲೇ!

'ಓ... ಅದಕ್ಕಾ? ಇರುವುದಿಲ್ಲವೆಂದು ಗೊತ್ತಿದ್ದೇ ಬೊಂಬೆ ಬಚ್ಚಿಟ್ಟನಾ? ಬೆರಳುದ್ದದ ಬೊಂಬೆಯ ಹೊಣೆ ಹೊರಲಾಗದವನನ್ನು ನಾನು ಏನೇನೋ ಅಂದುಕೊಂಡೆನಲ್ಲ...'

ಆ ಕ್ಷಣಕ್ಕೇ ಅವಳಿಗೆ ತಾನು ಅವನನ್ನು ಎಷ್ಟು ಪ್ರೀತಿಸುತ್ತಿದ್ದೇನೆಂದು ತಿಳಿದದ್ದು. ತಿಳಿಯಬಾರದ ಹೊತ್ತಿನಲ್ಲೇ ತಿಳಿಯಿತು, ಪಾಪ.

* * *

ಮರುದಿನ ಬೆಳಗ್ಗೆ ಹಿಂಬಾಗಿಲಿಗೆ ಚಿಲಕ ಬಿದ್ದಿತ್ತು.

ಫೆರ್ಮಿನ್ ಬಡಿದ. ಸ್ವಲ್ಪ ಹೊತ್ತು ನಿಂತ. ಆಮೇಲೆ ಸುತ್ತು ಹಾಕಿ ಅಂಗಡಿಯ ಮುಂಬಾಗಿಲಿಗೆ ಬಂದು ಉಳಿದ ಗಿರಾಕಿಗಳ ಹಿಂದೆ ಸರದಿಯಲ್ಲಿ ನಿಂತ.

"ಏನು ಬೇಕಿತ್ತು ನಿಮಗೆ?" ಅಂಪಾರೊ ಕೇಳಿದಳು.

'ನಿಮಗೆ' ಎಂಬ ಮಾತು ಅವನ ಎದೆಗೆ ನಾಟಿತು. "ಅಂಪಾರೊ... ಕಸಿಲ್ದಾ ಹೇಳಿದ್ರಂತೆ. ನಾನಿನ್ನೂ..."

"ಒಳ್ಳೇ ಕೆಲಸ, ಒಳ್ಳೇ ಸಮುದ್ರ. ಸಂತೋಷ. ಹಿಂದೆ ಜನ ಕಾಯ್ತಿದಾರೆ, ಬೇಗ ಹೇಳಿ."

"ನಂಗೆ ಸ್ವಲ್ಪ ಟೈಮ್ ಕೊಡು. ಈಗ್ಲೇ ಏನೂ ಹೇಳೋ ಹಾಗಿಲ್ಲ."

"ನಾನೇನಾದ್ರೂ ಕೇಳಿದ್ನಾ?"

ಅವನು ಬರಿಗೈಯಲ್ಲಿ ಹೋದ. ಆಮೇಲೆ ಫೋನ್ ಮಾಡಿದ, ಅವಳು ಎತ್ತಲಿಲ್ಲ. ತಿಂಗಳ ಕೊನೆಯ ಒಂದು ಮುಂಜಾನೆ ಹಿಂಬಾಗಿಲ ಮೇಲೆ ಮೆಲ್ಲಗೆ ಬಡಿದ ಸದ್ದಾಯಿತು. ಅಂಪಾರೊ ಹಿಟ್ಟಿನ ಕೈಯನ್ನು ಎದೆಗೊತ್ತಿಕೊಂಡು ಬಾಗಿಲ ಈಚೆ ನಿಂತಳು.

'ಈಗ ಬಂದೆ ಅಂತಾನೆ. ಅಂದರೆ ನಾನು ಸತ್ತೇ ಹೋಗ್ತೀನಿ...'

ಅವನು ಏನೂ ಅನ್ನಲಿಲ್ಲ. ಹೆಜ್ಜೆಯ ಸದ್ದು ಓಣಿಯ ಇಳಿಜಾರಿನಲ್ಲಿ ಕರಗಿತು. ಸಂದಿಯಿಂದ ನೋಡಿದರೆ ಹೆಗಲ ಮೇಲೆ ಚೀಲ.

ಫೆರ್ಮಿನ್ ಹೋದನಂತೆ ಎಂದು ಓಣಿಯಲ್ಲಿ ಸುದ್ದಿಯಾಯಿತು. ಅವಳು ಅಳಲಿಲ್ಲ. ಅಂದಿನ ಬ್ರೆಡ್ಡಿಗೆ ಉಪ್ಪು ಎರಡೆರಡು ಸಲ ಬಿದ್ದಿತ್ತು, ಅಷ್ಟೆ. ಗಿರಾಕಿಗಳು ಪಾಪ ಏನೂ ಅನ್ನದೆ ತಿಂದರು.

* * *

ಕಾಂದೆಲಾರಿಯಾದ ಬೆಳಗ್ಗೆ ಮನೆಯ ಬಾಲ ಯೇಸುವಿನ ವಿಗ್ರಹಕ್ಕೆ ಹೊಸ ಬಟ್ಟೆ ತೊಡಿಸಿ, ಬುಟ್ಟಿಯಲ್ಲಿಟ್ಟುಕೊಂಡು ಅಪ್ಪ ಮಗಳು ಇಗರ್ಜಿಗೆ ಹೋದರು. ಊರಿನವರೆಲ್ಲ ತಂತಮ್ಮ ಮನೆಯ ಕೂಸನ್ನು ತಂದಿದ್ದರು. ಪಾದ್ರಿಗಳು ಎಲ್ಲಕ್ಕೂ ತೀರ್ಥ ಚಿಮುಕಿಸಿದರು.

ಹೊರಗೆ ಬಂದ ಮೇಲೆ ದೋನ್ ಚೋನ್ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕಾಲು ನೋವೆಂದರು. ಆಮೇಲೆ ಅಂದರು:

"ಆ ಬೊಂಬೆ ನಿಂದು ಮಗಳೇ."

"ಯಾವ ಬೊಂಬೆ?"

"ರೋಸ್ಕಾದ್ದು. ನಿನ್ನ ತುಂಡು ಕುಯ್ದಿದ್ದು ನಾನೇ ಅಲ್ವಾ? ಚಾಕು ಅದಕ್ಕೆ ತಗುಲಿದ್ದು ಗೊತ್ತಾಯ್ತು. ಕಾಲು ಹೊರಗೆ ಇಣುಕ್ತಿತ್ತು. ಆ ಹುಡ್ಗ ನೋಡ್ದ. ನೀನು ಚಾಕೊಲೇಟು ಸುರೀತಿದ್ದಾಗ ತಟ್ಟೆ ಅದಲು ಬದಲು ಮಾಡ್ದ."

ಅಂಪಾರೊ ಅಪ್ಪನ ಪಕ್ಕ ಕೂತಳು. "ಯಾಕೆ... ಯಾಕಪ್ಪಾ?"

"ನಿನ್ನ ತೋಳು ನೋಡಿದ್ನಲ್ಲ ಅವತ್ತು. ಎತ್ತೋಕೇ ಆಗ್ತಿರ್ಲಿಲ್ಲ ನಿಂಗೆ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ? ಇಷ್ಟು ದಿನ!"

"ಬೊಂಬೆ ಸಿಕ್ಕಿದವನೇ ಹೇಳ್ಬೇಕು ಅಂತ ಸುಮ್ನಿದ್ದೆ. ಇವತ್ತು ಕಾಂದೆಲಾರಿಯಾ ಬಂದೇಬಿಡ್ತು. ನಿನ್ನ ಮುಖ ನೋಡೋಕಾಗ್ದೆ ಹೇಳ್ದೆ." ಮುದುಕ ಬುಟ್ಟಿಯನ್ನು ಎದೆಗೊತ್ತಿಕೊಂಡರು. "ತಪ್ಪಾಯ್ತೇನೋ."

ಬಾಗಿಲಾಚೆ ನಿಂತಿದ್ದ ಆ ಹೆಜ್ಜೆಗಳು... ಒಂದು ಸಲ ಚಿಲಕ ತೆಗೆದಿದ್ದರೆ! ಇನ್ನು ಅವನು ಎಲ್ಲೋ ಸಮುದ್ರದ ದಡದಲ್ಲಿ. ಇಗರ್ಜಿಗೆ ಬಂದವರೆಲ್ಲ ನೋಡುವಂತೆ ಅಂಪಾರೊ ಬಿಕ್ಕಿ ಬಿಕ್ಕಿ ಅತ್ತಳು.

ಓಣಿಗೆ ತಿರುಗಿದಾಗ ಅವಳ ಮೂಗಿಗೆ ಒಂದು ವಾಸನೆ ಬಡಿಯಿತು. ಬೆಂದ ಬಾಳೆಲೆಯ ವಾಸನೆ! ಅವರ ಊರಲ್ಲಿ ತಮಾಲೆಯನ್ನು ಮೆಕ್ಕೆಜೋಳದ ಸಿಪ್ಪೆಯಲ್ಲಿ ಕಟ್ಟುತ್ತಾರೆ. ಬಾಳೆಲೆಯಲ್ಲಿ ಕಟ್ಟುವವರು ದೂರದ ವೆರಾಕ್ರೂಸಿನ ಕಡೆಯವರು. ಫೆರ್ಮಿನನ ಕಡೆಯವರು...

ಅವಳ ಕಾಲುಗಳು ಅವಳನ್ನು ಕೇಳದೆಯೇ ಹಾಸ್ಟೆಲಿನ ಅಂಗಳಕ್ಕೆ ನಡೆದವು.

ದೊಡ್ಡ ಹಂಡೆಯಿಂದ ಹಬೆ ಏಳುತ್ತಿತ್ತು. ಅದರ ಹಿಂದೆ ಬಾಡಿದ ಮುಖ, ಮುದುಡಿದ ಅಂಗಿ, ಕೈಯಲ್ಲಿ ಸೌಟು. ಅವನೇ!

"ನೋಡು ಬಾರೇ ಇಲ್ಲಿ!" ಕಸಿಲ್ದಾ ಕೂಗಿದಳು. "ಸಮುದ್ರ ಬೇಡ ಅಂದ ಕತ್ತೆ! ಅವರಮ್ಮನ ಊರಿಂದ ರಾತ್ರಿಯಿಡೀ ಬಸ್ಸಲ್ಲಿ ಹಂಡೆ ತೊಡೆ ಮೇಲಿಟ್ಕೊಂಡು ಬಂದಿದಾನೆ. ಬೇರೆಯವರು ಸಿಗ್ತಾರೆ ಬಿಡು ಪ್ಲಾಯಾಕ್ಕೆ. ಇಂಥ ಹುಚ್ಚ ಎಲ್ಲಿ ಸಿಗ್ತಾನೆ?" ಹೇಳಿದವಳೇ ಮೂಟೆಯವರನ್ನೆಲ್ಲ ಮೇಜಿನ ಆ ತುದಿಗೆ ಅಟ್ಟಿದಳು.

ಫೆರ್ಮಿನ್ ಸೌಟು ಕೆಳಗಿಟ್ಟ. ಜೇಬಿನಿಂದ ಬಿಳಿ ಬೊಂಬೆ ತೆಗೆದು ಅಂಗೈಯ ಮೇಲಿಟ್ಟುಕೊಂಡ.

"ಬೊಂಬೆ ನಂಗೆ ಸಿಕ್ಕಿತ್ತು. ಅವತ್ತೇ ಹೇಳ್ಬೇಕಿತ್ತು. ಹೇಳ್ಲಿಲ್ಲ."

"ಯಾಕೆ ಹೇಳ್ಲಿಲ್ಲ?"

"ಬೊಂಬೆ ಎತ್ತಿ ತೋರಿಸಿದ್ರೆ ಕಾಂದೆಲಾರಿಯಾಕ್ಕೆ ಇರ್ತೀನಿ ಅಂತ ಎಲ್ರ ಮುಂದೆ ಮಾತು ಕೊಟ್ಟ ಹಾಗೆ. ಅವತ್ತು ಬೆಳಗ್ಗೆ ತಾನೆ ಕಸಿಲ್ದಾ ಪ್ಲಾಯಾಕ್ಕೆ ಹೋಗು ಅಂದಿದ್ರು. ಇಲ್ಲಾಂದ್ರೆ ಕೆಲ್ಸ ಇರತ್ತೋ ಇಲ್ವೋ, ಊರಲ್ಲಿ ಅಮ್ಮ ಏನಂತಾಳೋ, ಒಂದೂ ಗೊತ್ತಿರ್ಲಿಲ್ಲ. ಮಾತು ಯಾಕೆ ಕೊಡ್ಬೇಕು ಅಂತ ನೀನೇ ಕೇಳಿದ್ದೆ, ನೆನಪಿದೆಯಾ? ಅದೇ ಕಿವಿಯಲ್ಲಿ ಗುಯ್‌ಗುಡ್ತಿತ್ತು. ಉಳಿಸಿಕೊಳ್ಳೋಕೆ ಆಗತ್ತೆ ಅಂತ ಗೊತ್ತಾಗೋವರ್ಗೂ ನಿನಗೆ ಮಾತು ಕೊಡಬಾರದು ಅಂತ..."

"ಅದಕ್ಕೆ ಬಾಗಿಲ ಹತ್ರ ಬಂದೂ ಏನೂ ಹೇಳ್ದೆ ಹೋದ್ಯಾ?"

"ಹೋಗಿ ಬರ್ತೀನಿ ಅಂದಿದ್ರೆ ನೀನು ನಂಬ್ತಿದ್ಯಾ?"

ಅಂಪಾರೊ ತಲೆ ತಗ್ಗಿಸಿದಳು. ನಂಬುತ್ತಿರಲಿಲ್ಲ.

"ಅದಕ್ಕೇ ಹೇಳ್ಲಿಲ್ಲ. ಬಂದೆ, ಅಷ್ಟೆ." ಅವನು ಹಂಡೆಯಿಂದ ಒಂದು ಪೊಟ್ಟಣ ತೆಗೆದು, ಸುಡುವ ಬಾಳೆಲೆ ಬಿಡಿಸಿ ಅವಳ ಮುಂದಿಟ್ಟ. "ಅಮ್ಮನ ಹತ್ರ ಕೂತು ಕಲ್ತೆ. ಅವಳಿಗೆ ಮುಟ್ಟೋಕೂ ಬಿಡ್ಲಿಲ್ಲ. ಎಲ್ಲಾ ನಂದೇ ಕೈ."

ಅವನ ಕೈಯೆಂದು ಬೇರೆ ಹೇಳಬೇಕಿರಲಿಲ್ಲ. ಒಂದು ಮಗ್ಗುಲು ಒಡೆದು ಒಳಗೆ ತುಂಬಿದ್ದ ಮಾಂಸ ಹೊರಗೆ ಬಂದಿತ್ತು, ಇನ್ನೊಂದು ಮಗ್ಗುಲು ಬೇಯದೆ ಹಸಿಯಾಗಿತ್ತು. ಅಂಪಾರೊ ಒಂದು ತುತ್ತು ಬಾಯಿಗಿಟ್ಟಳು. ಕಣ್ಣಲ್ಲಿ ನೀರು ಬಂತು. ಅರ್ಧ ಪ್ರೀತಿಗೆ, ಅರ್ಧ ಖಾರಕ್ಕೆ.

"ಹೇಗಿದೆ?" ಅವನು ಉಸಿರು ಬಿಗಿಹಿಡಿದಿದ್ದ.

"ಕೆಟ್ಟದಾಗಿದೆ."

"ಅಷ್ಟೊಂದಾ?"

"ಬಾಯಿಗಿಡೋ ಹಾಗಿಲ್ಲ." ಹೇಳುತ್ತಲೇ ಇನ್ನೊಂದು ತುತ್ತು ತಿಂದಳು. ಮತ್ತೊಂದು. ಎಲೆ ಖಾಲಿಯಾಗುವವರೆಗೂ ತಿಂದಳು.

ಆಚೆ ತುದಿಯಲ್ಲಿ ಯಾರೋ ಸ್ಪೀಕರ್ ಹಾಕಿದರು. ಡೋಲಿನ ಸದ್ದು ಧಡ್ ಎಂದು ಎದ್ದಿತು. ಫೆರ್ಮಿನ್ ಗಾಬರಿಯಾಗಿ ಪ್ಲಗ್ ಕೀಳಲು ಎದ್ದ. ಅಂಪಾರೊ ಅವನ ಅಂಗಿಯ ತೋಳು ಹಿಡಿದು ಕೂರಿಸಿದಳು.

"ಇರ್ಲಿ ಬಿಡು. ಹಬ್ಬ ಅಲ್ವಾ?"

ಹಿಡಿದ ತೋಳನ್ನು ಬಿಡಲಿಲ್ಲ. ಅವನು ಬೊಂಬೆಯನ್ನು ಅವಳ ಅಂಗೈಯಲ್ಲಿಟ್ಟು, ಮೇಲೆ ತನ್ನ ಕೈ ಮುಚ್ಚಿದ.

"ಅಂಪಾರೊ, ಈಗ ಮಾತು ಕೊಡ್ಬಹುದಾ?"

"ಬೇಡ." ಅವಳು ಅವನ ಭುಜಕ್ಕೆ ಹಣೆಯಾನಿಸಿದಳು. "ನಾಳೆ ಬೆಳಗ್ಗೆ ಕಾಫಿಗೆ ಬಾ. ಸಾಕು."

"ಮುಂಬಾಗಿಲಿಗಾ?"

"ಹಿಂಬಾಗಿಲಿಗೆ."

"ಚಿಲಕ?"

"ಹಾಕಿರಲ್ಲ ಕಣೋ..."